ಗೋಡೆಗೊಂದು ದಡಿ

ಮಗಳು ಈ ಸಲ ಹತ್ತನೆಯ ಇಯತ್ತೆ. ರಜೆ ಶುರುವಾದ ಮೊದಲ ರವಿವಾರವೇ ತನ್ನ ಕೋಣೆಯ ಬಾಗಿಲಲ್ಲಿ ನಿಂತು ನನಗೆ ನೋಟಿಸು ಕೊಟ್ಟಳು: "ಪಪ್ಪಾ, ಈ ಬಾತುಕೋಳಿ ಇನ್ನ ಸಾಕು. ಫ್ರೆಂಡ್ಸ್ ಬಂದಾಗ ನಂಗ ನಾಚಿಕಿ ಬರ್ತದ."

ಆ ಬಾತುಕೋಳಿಗಳು ಅವಳ ಕೋಣೆಯ ನಾಲ್ಕೂ ಗೋಡೆಗೆ, ಸೊಂಟದೆತ್ತರದಲ್ಲಿ, ಸುತ್ತು ಹೊಡೆದಿದ್ದ ಗೇಣಗಲದ ಕಾಗದದ ಪಟ್ಟಿಯ ಮೇಲಿದ್ದವು. ಮಳೆಗಾಲದ ಬೂಟು ಹಾಕಿಕೊಂಡು, ಒಂದರ ಹಿಂದೊಂದು, ಹದಿನಾಲ್ಕು ವರ್ಷದಿಂದ ಪುಣೆಯ ಈ ಫ್ಲ್ಯಾಟಿನಲ್ಲಿ ನಡೆಯುತ್ತಲೇ ಇದ್ದವು. 2011ರ ಚಳಿಗಾಲದಲ್ಲಿ ಕಂಪನಿ ನನ್ನನ್ನು ನಾಲ್ಕು ತಿಂಗಳಿಗೆಂದು ಇಂಗ್ಲೆಂಡಿನ ಲೀಡ್ಸ್‌ಗೆ ಕಳಿಸಿತ್ತು. ಬರುವಾಗ ಎಲ್ಲರೂ ಚಾಕೊಲೇಟು ತಂದರೆ ನಾನು ಸೇಲಿನಲ್ಲಿ ಸಿಕ್ಕ ಮೂರು ಸುರುಳಿ ವಾಲ್‌ಪೇಪರ್ ಬಾರ್ಡರ್ ತಂದೆ. ಸುರುಳಿಗೆ ಐದು ಮೀಟರು, ಕೋಣೆಯ ಸುತ್ತಳತೆ ನಲವತ್ತೆರಡು ಅಡಿ. ಲೆಕ್ಕ ಬರೋಬ್ಬರಿ ಕೂತಿತ್ತು. ಮರೆತದ್ದು ಅಂಟು ಮಾತ್ರ.

ಅಂಟು ಮಾಡಿಕೊಟ್ಟದ್ದು ಅವ್ವ. ಮೊಮ್ಮಗಳನ್ನು ನೋಡಿಕೊಳ್ಳಲು ಧಾರವಾಡದಿಂದ ಬಂದಿದ್ದಳು. ಮೈದಾ ಹಿಟ್ಟನ್ನು ನೀರಿಗೆ ಹಾಕಿ ಗಂಟಾಗದಂತೆ ಕುದಿಸಿ, ಹುಳ ಹತ್ತಬಾರದೆಂದು ಚಿಟಿಕೆ ಮೈಲುತುತ್ತ ಹಾಕಿದಳು. ಹಾಕುತ್ತಲೇ ಎರಡು ಪ್ರಶ್ನೆ ಕೇಳಿದ್ದಳು. ಮೊದಲನೆಯದು: "ಸೀರಿಗೆ ದಡಿ ಇರ್ತದ, ಖರೆ. ಗ್ವಾಡಿಗೆ ಯಾಕ್ ಬೇಕೋ ದಡಿ?" ಎರಡನೆಯದು: "ಗ್ವಾಡಿಗೆ ಕಾಗದಾ ಹಚ್ಚಿ ಮುಚ್ಚಿದ್ರ ಅದು ಉಸರ್ ಬಿಡೂದು ಹೆಂಗ?"

ಅವ್ವನ ಅಪ್ಪ ಗೌಂಡಿ. ಗೋಡೆಯ ಬಗ್ಗೆ ಅವಳ ಮಾತನ್ನು ನಗದೆ ಕೇಳಬೇಕಿತ್ತು. ಎಂ.ಟೆಕ್ ಮುಗಿಸಿದ್ದ ನಾನು ನಕ್ಕುಬಿಟ್ಟೆ. ಅವ್ವ ಈಗಿಲ್ಲ. ಈ ಬೇಸಿಗೆಯಲ್ಲಿ ಬಾರ್ಡರ್ ಕೀಳುವ ಮೊದಲು, ಹೇಗೆ ಕೀಳಬೇಕು ಎಂದು ಓದಲು ಕೂತವನು ವಾಲ್‌ಪೇಪರಿನ ಇತಿಹಾಸಕ್ಕೆ ಇಳಿದುಬಿಟ್ಟೆ. ಅವ್ವನ ಎರಡೂ ಪ್ರಶ್ನೆಗಳು ಅಲ್ಲಿ ಕಾಯುತ್ತ ಕೂತಿದ್ದವು.

ದಡಿಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಇಂಗ್ಲೆಂಡಿನಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಗೋಡೆಕಾಗದಗಳಲ್ಲೊಂದು 1509ರ ಸುಮಾರಿನದು. 1911ರಲ್ಲಿ ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜಿನ ಮುಖ್ಯಸ್ಥರ ಮನೆ ರಿಪೇರಿ ಮಾಡುವಾಗ ಚಾವಣಿಯ ತೊಲೆಗಳ ಮೇಲೆ ಅಂಟಿಕೊಂಡಿದ್ದ ತುಂಡುಗಳು ಸಿಕ್ಕವು. ಮುಂಭಾಗದಲ್ಲಿ ಮರದ ಅಚ್ಚಿನಿಂದ ಒತ್ತಿದ ದಾಳಿಂಬೆಯಂಥ ವಿನ್ಯಾಸ. ಹಿಂಭಾಗ ನೋಡಿದರೆ ಎಂಟನೆಯ ಹೆನ್ರಿ ಪಟ್ಟಕ್ಕೆ ಬಂದಾಗಿನ ರಾಜಘೋಷಣೆ! ಯಾರ್ಕ್ ನಗರದ ಹ್ಯೂಗೋ ಗೋಸ್ ಎಂಬ ಮುದ್ರಕ ಮಿಕ್ಕಿದ ರದ್ದಿ ಹಾಳೆಗಳ ಬೆನ್ನಿಗೆ ವಿನ್ಯಾಸ ಒತ್ತಿ ಮಾರಿದ್ದ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕಾಗದ ಆಗ ಅಷ್ಟು ತುಟ್ಟಿ. ನಮ್ಮೂರ ಕಿರಾಣಿ ಅಂಗಡಿಯವರು ಹಳೆಯ ಉತ್ತರಪತ್ರಿಕೆಗಳಲ್ಲಿ ಶೇಂಗಾ ಕಟ್ಟಿಕೊಡುತ್ತಿದ್ದುದು ನೆನಪಾಯಿತು.

ಶ್ರೀಮಂತರು ಆಗ ಗೋಡೆಗೆ ನೇಯ್ದ ಪರದೆ, ರೇಷ್ಮೆ, ತೊಗಲು ತೂಗುಹಾಕುತ್ತಿದ್ದರು. ಚಳಿಯಿಂದ ರಕ್ಷಣೆ, ನೋಡುವವರಿಗೆ ಜಂಬ, ಎರಡೂ. ಅಷ್ಟು ಹಣ ಇಲ್ಲದವರಿಗೆ ಕಾಗದ ಬಂತು. ಗೋಡೆಕಾಗದ ಹುಟ್ಟಿನಿಂದಲೇ ನಕಲಿ. ಬಟ್ಟೆಯಂತೆ, ಅಮೃತಶಿಲೆಯಂತೆ, ಮರದಂತೆ ಕಾಣುವುದೇ ಅದರ ಕಸುಬು. ಹದಿನೆಂಟನೆಯ ಶತಮಾನದಲ್ಲಿ ಸಿರಿವಂತರೂ ಅದನ್ನು ಒಪ್ಪಿಕೊಂಡರು. ಆದರೆ ದುಬಾರಿ ಕಾಗದವನ್ನು ಅವರು ನೇರ ಗೋಡೆಗೆ ಅಂಟಿಸುತ್ತಿರಲಿಲ್ಲ. ಗೋಡೆಗೆ ಮರದ ಪಟ್ಟಿ ಬಡಿದು, ಅದರ ಮೇಲೆ ನಾರುಬಟ್ಟೆ ಬಿಗಿದು, ಬಟ್ಟೆಯ ಮೇಲೆ ಕಾಗದ ಹಚ್ಚುತ್ತಿದ್ದರು. ಹೀಗಾಗಿ ಗೋಡೆಗೂ ಕಾಗದಕ್ಕೂ ನಡುವೆ ಗಾಳಿಯಾಡಲು ಜಾಗ ಉಳಿಯುತ್ತಿತ್ತು. (ಅವ್ವ, ನೋಡು!) ಸುತ್ತಲೂ ಮೊಳೆ ಹೊಡೆದಾಗ ಮೊಳೆಯ ತಲೆಗಳು, ಕತ್ತರಿಸಿದ ಅಂಚುಗಳು ಕಾಣುತ್ತಿದ್ದವು. ಅವನ್ನು ಮುಚ್ಚಲು ಬಂದದ್ದು ಬಾರ್ಡರ್. ಹಗ್ಗದಂತೆ, ಹೂಮಾಲೆಯಂತೆ, ಬಂಗಾರದ ಪಟ್ಟಿಯಂತೆ ಮುದ್ರಿಸಿದ ಕಾಗದದ ದಡಿ. ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಹಲವು ಸಾಲು ಮುದ್ರಿಸಿ ಮಾರುತ್ತಿದ್ದರು, ಹಚ್ಚುವವನು ಕತ್ತರಿಯಿಂದ ಉದ್ದುದ್ದ ಬಿಡಿಸಿಕೊಳ್ಳಬೇಕು.

ಮೊಳೆ ಮುಚ್ಚಲು ಹುಟ್ಟಿದ್ದು ಕ್ರಮೇಣ ಅಲಂಕಾರವೇ ಆಯಿತು. ಹದಿನೆಂಟನೆಯ ಶತಮಾನದ ಕೊನೆಯ ಫ್ರಾನ್ಸಿನಲ್ಲಿ ಗೋಡೆ ತುಂಬುವ ಕಾಗದಕ್ಕಿಂತ ಅದರ ಅಂಚೇ ದುಬಾರಿಯಾಗಿದ್ದೂ ಉಂಟು. ಇಳಕಲ್ ಸೀರೆ ಆರಿಸುವಾಗ ನಮ್ಮ ಹೆಣ್ಣುಮಕ್ಕಳ ಕಣ್ಣು ಮೊದಲು ಹೋಗುವುದು ಒಡಲಿಗಲ್ಲ, ದಡಿ-ಸೆರಗಿಗೆ. ಅವ್ವ ಗೋಡೆಗೆ ದಡಿ ಯಾಕೆ ಎಂದು ಕೇಳಿದ್ದೇ ನನಗೀಗ ಸೋಜಿಗ. ಧಾರವಾಡದ ಮನೆಯಲ್ಲಿ ದೀಪಾವಳಿಗೆ ಸುಣ್ಣ ಹೊಡೆದ ಮೇಲೆ ಗೋಡೆಯ ಬುಡಕ್ಕೆ ಹುರಮಂಜಿನ ಪಟ್ಟಿ ಎಳೆಯುತ್ತಿದ್ದವಳು ಅವಳೇ. ಸುಣ್ಣ-ಕಾರಣೆ ಎಂದು ನಾವು ಜೋಡಿಪದವಾಗಿ ಹೇಳುವುದರಲ್ಲಿ ಕಾರಣೆ ಎಂದರೆ ಆ ದಡಿಯೇ. ಬಹುಶಃ ಅವಳ ತಕರಾರು ದಡಿಯ ಮೇಲಲ್ಲ, ಕಾಗದದ ಮೇಲೆ.

ಹಣ ಎಲ್ಲಿದೆಯೋ ಅಲ್ಲಿಗೆ ಸರ್ಕಾರ ಬರುತ್ತದೆ. 1712ರಲ್ಲಿ ರಾಣಿ ಆ್ಯನ್ ಕಾಲದಲ್ಲಿ ಗೋಡೆಕಾಗದಕ್ಕೆ ತೆರಿಗೆ ಬಿತ್ತು. ಚದರ ಗಜಕ್ಕೆ ಒಂದು ಪೆನ್ನಿ, ಆಮೇಲೆ ಅದು ಏರುತ್ತ ಹೋಯಿತು. ತೆರಿಗೆ ಇದ್ದದ್ದು ಬಣ್ಣ ಹಚ್ಚಿದ, ಮುದ್ರಿಸಿದ ಕಾಗದಕ್ಕೆ. ಜನ ಬುದ್ಧಿವಂತರು. ಖಾಲಿ ಕಾಗದ ತಂದು ಗೋಡೆಗೆ ಹಚ್ಚಿ, ಆಮೇಲೆ ಅದರ ಮೇಲೆ ಕೊರೆಯಚ್ಚಿನಿಂದ ಬಣ್ಣ ಹಾಕಿಸಿಕೊಂಡರು. ತೆರಿಗೆ ಕಟ್ಟಿದ ಕಾಗದದ ಬೆನ್ನಿಗೆ ಅಧಿಕಾರಿಗಳು ಮೊಹರು ಒತ್ತುತ್ತಿದ್ದರು. ಆ ಮೊಹರನ್ನು ನಕಲು ಮಾಡಿದರೆ ಮರಣದಂಡನೆ ಎಂದು 1806ರಲ್ಲಿ ಕಾನೂನು ಮಾಡಿದರು. ಮಲಗುವ ಕೋಣೆಯ ಹೂಬಳ್ಳಿಗಾಗಿ ನೇಣು! 1836ರಲ್ಲಿ ತೆರಿಗೆ ರದ್ದಾಯಿತು. ಇಂದು ಹಳೆಯ ಮನೆಗಳಲ್ಲಿ ಕಾಗದ ಸುಲಿಯುವ ಸಂಶೋಧಕರಿಗೆ ಬೆನ್ನಿನ ಆ ಮೊಹರೇ ಕಾಲ ಹೇಳುವ ಸಾಕ್ಷಿ. ನಾವು ಹಳೆಯ ಕೋಡಿನಲ್ಲಿ ಯಾರೋ ಬರೆದಿಟ್ಟ ಕಾಮೆಂಟು ಓದಿ ತಾರೀಖು ಊಹಿಸುತ್ತೇವಲ್ಲ, ಹಾಗೆ.

ಲೀಡ್ಸ್‌ನಲ್ಲಿದ್ದಾಗ ಒಂದು ಶನಿವಾರ ಊರ ಹೊರಗಿನ ಟೆಂಪಲ್ ನ್ಯೂಸಮ್ ಎಂಬ ದೊಡ್ಡ ಹಳೆಯ ಮನೆಗೆ ಹೋಗಿದ್ದೆ. ನಿಜ ಹೇಳಬೇಕೆಂದರೆ ಹೋದದ್ದು ಬಿಸಿಯಾದ ಜಾಗದಲ್ಲಿ ಎರಡು ತಾಸು ಕಳೆಯಲು. ಅಲ್ಲಿ ಒಂದು ಕೋಣೆಗೆ ಚೀನಾದ ಕೈಬಣ್ಣದ ನೀಲಿ ಕಾಗದ ಹಚ್ಚಿದ್ದಾರೆ. ಮರ, ಹೂ, ಹಕ್ಕಿ. ಇಂಥ ಕಾಗದ ಕ್ಯಾಂಟನ್ ಬಂದರಿನಿಂದ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಚಹಾದ ಜೊತೆ ಬರುತ್ತಿತ್ತು. ಮುಂದೆ ನಾಲ್ಕನೆಯ ಜಾರ್ಜ್ ಆದ ಯುವರಾಜ ಈ ಮನೆಯ ಒಡತಿ ಲೇಡಿ ಹರ್ಟ್‌ಫರ್ಡ್‌ಗೆ ಕೊಟ್ಟ ಉಡುಗೊರೆ ಅದು. ಅವಳು ಅದನ್ನು ಹಚ್ಚಿಸಿದ್ದು 1827ರ ಸುಮಾರಿಗೆ. ಹಕ್ಕಿಗಳು ಕಡಿಮೆ ಎನಿಸಿತೋ ಏನೋ, ಆಗತಾನೆ ಬಿಡಿಬಿಡಿಯಾಗಿ ಪ್ರಕಟವಾಗುತ್ತಿದ್ದ ಆಡುಬಾನ್‌ನ 'ಬರ್ಡ್ಸ್ ಆಫ್ ಅಮೆರಿಕ'ದ ಪುಟಗಳಿಂದ ಹಕ್ಕಿಗಳನ್ನು ಕತ್ತರಿಸಿ ಚೀನೀ ಮರಗಳ ಮೇಲೆ ಅಂಟಿಸಿಬಿಟ್ಟಳು. ನಾನು ಹೋಗುವ ಹಿಂದಿನ ವರ್ಷವಷ್ಟೆ, 2010ರ ಡಿಸೆಂಬರಿನಲ್ಲಿ, ಆ ಪುಸ್ತಕದ ಒಂದು ಪೂರ್ಣ ಪ್ರತಿ ಲಂಡನ್ನಿನ ಹರಾಜಿನಲ್ಲಿ 73 ಲಕ್ಷ ಪೌಂಡಿಗೆ ಹೋಗಿತ್ತು. ಅಮೆರಿಕದ ಹಕ್ಕಿ, ಚೀನಾದ ಕೊಂಬೆ, ಯಾರ್ಕ್‌ಶೈರಿನ ಗೋಡೆ. ನಮ್ಮಂಥ ಪರಊರಿನವರಿಗೆ ಆ ಕೋಣೆಯಲ್ಲಿ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಬಾರ್ಡರ್ ಕೊಳ್ಳುವ ಹುಚ್ಚು ಹತ್ತಿದ್ದು ಅಲ್ಲಿಂದ ಹೊರಬಂದ ಮೇಲೆ.

ಇದೆಲ್ಲ ಗೋಡೆಯ ಒಳಗಿನವರ ಕಥೆ. ಕಾಗದ ಮಾಡುವವರದು ಬೇರೆ. ಪ್ಯಾರಿಸ್ಸಿನ ಜಾನ್-ಬಾಪ್ಟಿಸ್ಟ್ ರೆವೆಯಾನ್ ಆ ಕಾಲದ ಅತಿ ಹೆಸರುವಾಸಿ ಗೋಡೆಕಾಗದ ತಯಾರಕ. 1783ರಲ್ಲಿ ಮಾಂಗೊಲ್ಫಿಯೇ ಸಹೋದರರು ವರ್ಸೇಲ್ಸ್ ಅರಮನೆಯೆದುರು ಕುರಿ, ಬಾತು, ಹುಂಜಗಳನ್ನು ಹಾರಿಸಿದ ಬಲೂನು ಸಿದ್ಧವಾದದ್ದು ಇವನ ನೆರವಿನಿಂದ, ಅದರ ಮೇಲಿನ ಅಲಂಕಾರವೂ ಇವನದೇ. ಕಾರ್ಖಾನೆಯಲ್ಲಿ ಮುನ್ನೂರಕ್ಕೂ ಹೆಚ್ಚು ಜನ. 1789ರ ಏಪ್ರಿಲ್‌ನಲ್ಲಿ ಒಂದು ಸಭೆಯಲ್ಲಿ ಕೂಲಿಯ ಬಗ್ಗೆ ಏನೋ ಮಾತಾಡಿದ. ರೊಟ್ಟಿಯ ಬೆಲೆ ಏರಿದ್ದ ದಿನಗಳು. ಅವನು ಕೂಲಿ ಇಳಿಸಬೇಕು ಎಂದನಂತೆ ಎಂಬ ಸುದ್ದಿ ಊರೆಲ್ಲ ಹಬ್ಬಿತು. ಏಪ್ರಿಲ್ 28ರಂದು ಜನ ಕಾರ್ಖಾನೆಗೆ ನುಗ್ಗಿ ಕಾಗದ, ಅಂಟು, ಪೀಠೋಪಕರಣ ಎಲ್ಲ ಸುಟ್ಟರು. ಸೈನ್ಯ ಗುಂಡು ಹಾರಿಸಿತು, ಹತ್ತಾರು ಜನ ಸತ್ತರು. ರೆವೆಯಾನ್ ಓಡಿಹೋಗಿ ಅಡಗಿಕೊಂಡದ್ದು ಬಸ್ತೀಯ್ ಕೋಟೆಯಲ್ಲಿ. ಎರಡೂವರೆ ತಿಂಗಳ ನಂತರ ಆ ಕೋಟೆಗೇನಾಯಿತು ಎಂಬುದು ಶಾಲೆಯ ಪುಸ್ತಕದಲ್ಲಿದೆ. ಗೋಡೆಕಾಗದದ ಗಲಭೆ ನಮ್ಮ ಪುಸ್ತಕದಲ್ಲಿರಲಿಲ್ಲ.

ಅಲ್ಲಿಯವರೆಗೆ ಕಾಗದವೆಂದರೆ ಬಿಡಿ ಹಾಳೆ. ಹಾಳೆಗೆ ಹಾಳೆ ಅಂಟಿಸಿಯೇ ಸುರುಳಿ ಮಾಡಬೇಕಿತ್ತು. 1799ರಲ್ಲಿ ಫ್ರಾನ್ಸಿನ ಲೂಯಿ-ನಿಕೊಲಾ ರಾಬರ್ ಉದ್ದನೆಯ ಕಾಗದ ಮಾಡುವ ಯಂತ್ರಕ್ಕೆ ಪೇಟೆಂಟು ಪಡೆದ. 1839ರಲ್ಲಿ ಲ್ಯಾಂಕಶೈರಿನ ಡಾರ್ವೆನ್ ಊರಿನ ಪಾಟರ್ ಕಂಪನಿಯವರು ಹತ್ತಿಬಟ್ಟೆಗೆ ಚಿತ್ರ ಒತ್ತುವ ರೋಲರ್ ಯಂತ್ರವನ್ನೇ ಕಾಗದಕ್ಕೆ ಒಗ್ಗಿಸಿದರು. 1834ರಲ್ಲಿ ಬ್ರಿಟನ್ನಿನಲ್ಲಿ ವರ್ಷಕ್ಕೆ ಸುಮಾರು ಹತ್ತು ಲಕ್ಷ ಸುರುಳಿ ತಯಾರಾಗುತ್ತಿದ್ದದ್ದು 1860ರ ಹೊತ್ತಿಗೆ ತೊಂಬತ್ತು ಲಕ್ಷದ ಹತ್ತಿರ ಹೋಯಿತು. ಕೂಲಿಕಾರರ ಮನೆಗೂ ಹೂಬಳ್ಳಿ ಬಂತು. ಜೊತೆಗೆ ಇನ್ನೊಂದೂ ಬಂತು.

ಅದು ಹಸಿರು. 1775ರಲ್ಲಿ ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಶೀಲೆ ಹೊಸ ಹಸಿರು ಬಣ್ಣ ಕಂಡುಹಿಡಿದ. ಅದರಲ್ಲಿ ಬೀಳುವುದು ಮೈಲುತುತ್ತ ಮತ್ತು ಪಾಷಾಣ, ಅಂದರೆ ತಾಮ್ರ ಮತ್ತು ಆರ್ಸೆನಿಕ್. 1814ರಲ್ಲಿ ಇನ್ನೂ ಹೊಳೆಯುವ 'ಎಮರಾಲ್ಡ್ ಗ್ರೀನ್' ಬಂತು. ಅದರಲ್ಲೂ ಅದೇ ಜೋಡಿ. ಕಪ್ಪು ಹೊಗೆಯ ಊರುಗಳಲ್ಲಿ ಬದುಕುತ್ತಿದ್ದ ಜನ ಎಲೆಯ ಬಣ್ಣಕ್ಕೆ ಮುಗಿಬಿದ್ದರು. ಪರದೆ, ಕೃತಕ ಹೂ, ಆಟಿಕೆ, ಎಲ್ಲಕ್ಕಿಂತ ಹೆಚ್ಚಾಗಿ ಮಲಗುವ ಕೋಣೆಯ ಗೋಡೆ, ಎಲ್ಲ ಹಸಿರಾಯಿತು.

1862ರಲ್ಲಿ ಲಂಡನ್ನಿನ ಲೈಮ್‌ಹೌಸ್ ಬಡಾವಣೆಯ ಒಂದು ಬಡ ಮನೆಯಲ್ಲಿ ಕೆಲವೇ ವಾರಗಳಲ್ಲಿ ನಾಲ್ಕು ಮಕ್ಕಳು ತೀರಿಕೊಂಡವು. ಡಿಫ್ತೀರಿಯಾ ಎಂದುಕೊಂಡರು. ಅಕ್ಕಪಕ್ಕದ ಮನೆಯವರಿಗೆ ಮಾತ್ರ ಏನೂ ಆಗಿರಲಿಲ್ಲ. ಮಕ್ಕಳು ಮಲಗುತ್ತಿದ್ದ ಕೋಣೆಯ ಗೋಡೆಗೆ ಹಸಿರು ಕಾಗದವಿತ್ತು. ಹೆನ್ರಿ ಲೆದಬಿ ಎಂಬ ರಸಾಯನ ತಜ್ಞರು ಅದನ್ನು ಪರೀಕ್ಷಿಸಿ ಮಗುವನ್ನು ಕೊಲ್ಲಲು ಬೇಕಾದಷ್ಟು ಆರ್ಸೆನಿಕ್ ಅದರಲ್ಲಿದೆ ಎಂದು ಸಾಕ್ಷಿ ಹೇಳಿದರು. ಪಂಚರು ಕೇಳಿ, ಸಹಜ ಸಾವು ಎಂದು ತೀರ್ಪು ಕೊಟ್ಟರು. ಅದೇ ಕಾಗದ ಸಾವಿರಾರು ಮನೆಯಲ್ಲಿದೆ, ಅವರೆಲ್ಲ ಆರಾಮ ಇದ್ದಾರಲ್ಲ ಎಂಬುದು ಆ ಕಾಲದ ಸಾಮಾನ್ಯ ವಾದ. ನಮ್ಮ ಕಾನ್ಫರೆನ್ಸ್ ಕಾಲ್‌ಗಳಲ್ಲಿ "ನಮ್ಮ ಮಷಿನ್ನಿನಲ್ಲಿ ಸರಿ ಓಡ್ತಾ ಇದೆ" ಅನ್ನುವವರನ್ನು ಕಂಡಾಗಲೆಲ್ಲ ಇನ್ನು ಮೇಲೆ ನನಗೆ ಆ ಪಂಚರು ನೆನಪಾಗುತ್ತಾರೆ.

ವಿಲಿಯಂ ಮಾರಿಸ್‌ನ ವಿಷಯ ನನಗೆ ಹೆಚ್ಚು ಕಸಿವಿಸಿ ಮಾಡಿತು. ಕೈಕಸುಬಿನ ಘನತೆ, ಕಾರ್ಮಿಕರ ಹಕ್ಕು ಎಂದು ಜೀವನವಿಡೀ ಹೇಳಿದವನು. ಇಂದಿಗೂ ಅವನ ಎಲೆ-ಹೂಗಳ ವಿನ್ಯಾಸ ಪುಣೆಯ ಮಾಲ್‌ಗಳಲ್ಲಿ ದಿಂಬಿನ ಚೀಲದ ಮೇಲೆ ಸಿಗುತ್ತದೆ. ಅವನ ಮನೆತನದ ಹಣ ಬಂದದ್ದು ಡೆವನ್ ಗ್ರೇಟ್ ಕಾನ್ಸಲ್ಸ್ ಎಂಬ ಗಣಿಯಿಂದ. ಮೊದಲು ತಾಮ್ರ, ಆಮೇಲೆ ಆರ್ಸೆನಿಕ್. ಒಂದು ಕಾಲಕ್ಕೆ ಆರ್ಸೆನಿಕ್ ಉತ್ಪಾದನೆಯಲ್ಲಿ ಜಗತ್ತಿಗೇ ದೊಡ್ಡ ಗಣಿ. 1871ರಿಂದ 1875ರವರೆಗೆ ಮಾರಿಸ್ ಅದರ ನಿರ್ದೇಶಕನೂ ಆಗಿದ್ದ. ಅವನ ಮೊದಮೊದಲ ವಿನ್ಯಾಸಗಳಲ್ಲೊಂದಾದ 'ಟ್ರೆಲಿಸ್' ಕಾಗದದ ಹಸಿರಿನಲ್ಲಿ ಆರ್ಸೆನಿಕ್ ಇದೆ ಎಂದು 2003ರಲ್ಲಿ ಆ್ಯಂಡ್ರ್ಯೂ ಮೆಹಾರ್ಗ್ ಎಂಬ ವಿಜ್ಞಾನಿ ಪರೀಕ್ಷಿಸಿ ತೋರಿಸಿದರು. ಮಾರಿಸ್ ಮಾತ್ರ ಈ ಹೆದರಿಕೆಯೆಲ್ಲ ವೈದ್ಯರ ಭ್ರಮೆ ಎಂದೇ ಖಾಸಗಿ ಪತ್ರದಲ್ಲಿ ಬರೆದಿದ್ದ. ಒಳ್ಳೆಯವನು, ಕೈಕಸುಬನ್ನು ಪ್ರೀತಿಸುವವನು, ಗಣಿಯ ಡಿವಿಡೆಂಡು ತಿಂದವನು, ಮೂವರೂ ಒಬ್ಬನೇ. ಅವನನ್ನು ಕಪಟಿ ಎನ್ನಲು ನನಗೆ ಮನಸ್ಸಾಗದು. ನನ್ನ ಮ್ಯೂಚುವಲ್ ಫಂಡಿನ ಹಣ ಯಾವ ಯಾವ ಗಣಿಯಲ್ಲಿದೆ ಎಂದು ನಾನೂ ನೋಡಿಲ್ಲ.

ಅಮೆರಿಕದಲ್ಲಿ ರಾಬರ್ಟ್ ಕೆಡ್ಜಿ ಎಂಬ ಮಿಶಿಗನ್ನಿನ ರಸಾಯನಶಾಸ್ತ್ರದ ಪ್ರಾಧ್ಯಾಪಕರು ಮಾತಾಡಿ ಉಪಯೋಗವಿಲ್ಲವೆಂದು ಬೇರೆ ದಾರಿ ಹಿಡಿದರು. 1874ರಲ್ಲಿ ವಿಷದ ಗೋಡೆಕಾಗದದ 86 ಅಸಲಿ ತುಂಡುಗಳನ್ನೇ ಪುಸ್ತಕವಾಗಿ ಕಟ್ಟಿಸಿ, ನೂರು ಪ್ರತಿ ಮಾಡಿಸಿ ರಾಜ್ಯದ ಗ್ರಂಥಾಲಯಗಳಿಗೆ ಹಂಚಿದರು. ಪುಸ್ತಕದ ಹೆಸರು 'ಸಾವಿನ ಗೋಡೆಗಳ ನೆರಳು' ಎಂಬ ಅರ್ಥದ್ದು. ಮುಟ್ಟಿದವರಿಗೂ ಅಪಾಯವೆಂದು ಗ್ರಂಥಾಲಯಗಳೇ ಬಹುತೇಕ ಪ್ರತಿಗಳನ್ನು ನಾಶಮಾಡಿದವು. ಉಳಿದಿರುವುದು ಬೆರಳೆಣಿಕೆಯಷ್ಟು.

ಈಗ ಅವ್ವನ ಎರಡನೆಯ ಪ್ರಶ್ನೆ, ಉಸಿರಿನದು. ಹಸಿರು ಕಾಗದದ ಕೋಣೆಗಳಲ್ಲಿ, ಅದರಲ್ಲೂ ತೇವ ಇರುವಲ್ಲಿ, ಇಲಿಯ ವಾಸನೆ ಬರುತ್ತದೆ ಎಂದು ಜರ್ಮನಿಯ ಲಿಯೊಪೋಲ್ಡ್ ಗ್ಮೆಲಿನ್ 1839ರಲ್ಲೇ ಎಚ್ಚರಿಸಿದ್ದ. ಕಾಗದದ ಧೂಳು ಒಂದು ದಾರಿ. ಆದರೆ ಗೋಡೆ ಏನನ್ನಾದರೂ ಬಿಡುತ್ತಿದೆಯೇ? 1890ರ ದಶಕದ ಆರಂಭದಲ್ಲಿ ಇಟಲಿಯ ಬಾರ್ತೊಲೊಮಿಯೊ ಗೋಸಿಯೊ ಆಲೂಗಡ್ಡೆಯ ಹಿಟ್ಟಿಗೆ ಪಾಷಾಣ ಬೆರೆಸಿ ಬೂಷ್ಟು ಬೆಳೆಸಿದ. ಬೆಳ್ಳುಳ್ಳಿ ವಾಸನೆಯ ಅನಿಲ ಬಂತು. ಗುಟ್ಟು ಸರಳ. ಕಾಗದ ಅಂಟಿಸಿದ್ದು ಹಿಟ್ಟಿನ ಅಂಟಿನಿಂದ. ತೇವ ಸಿಕ್ಕರೆ ಆ ಅಂಟೇ ಬೂಷ್ಟಿಗೆ ಊಟ. ಬೂಷ್ಟು ಬಣ್ಣದ ಆರ್ಸೆನಿಕ್ಕನ್ನೂ ಅರಗಿಸಿ ಗಾಳಿಗೆ ಬಿಡುತ್ತದೆ. ಆ ಅನಿಲ ನಿಖರವಾಗಿ ಏನೆಂದು ಪತ್ತೆ ಹಚ್ಚಿದ್ದು 1930ರ ದಶಕದಲ್ಲಿ ಫ್ರೆಡರಿಕ್ ಚಾಲೆಂಜರ್: ಟ್ರೈಮಿಥೈಲ್ ಆರ್ಸೀನ್. ಚಾಲೆಂಜರ್ ಪ್ರಾಧ್ಯಾಪಕರಾಗಿದ್ದದ್ದು ಲೀಡ್ಸ್ ವಿಶ್ವವಿದ್ಯಾಲಯದಲ್ಲಿ! ಅದೇ ಊರಿಂದ ನಾನು ಬಾತುಕೋಳಿ ಹೊತ್ತು ತಂದಿದ್ದೆ. ಆ ಅನಿಲ ಅಂದುಕೊಂಡಷ್ಟು ವಿಷವಲ್ಲ, ಜನರಿಗೆ ತೊಂದರೆ ಕೊಟ್ಟದ್ದು ಬೇರೆ ಕಾರಣ ಇರಬಹುದು ಎಂದು ಇತ್ತೀಚಿನ ಸಂಶೋಧಕರು ವಾದಿಸುತ್ತಾರೆ. ಸೇಂಟ್ ಹೆಲೆನಾದಲ್ಲಿ 1821ರಲ್ಲಿ ಸತ್ತ ನೆಪೋಲಿಯನ್ನನ ಮನೆಯ ಕಾಗದದಲ್ಲೂ ಆರ್ಸೆನಿಕ್ ಸಿಕ್ಕಿದೆ, ಆದರೆ ಅವನನ್ನು ಕೊಲ್ಲುವಷ್ಟಲ್ಲ.

ಬ್ರಿಟನ್ನಿನಲ್ಲಿ ಇಂಥ ಕಾಗದವನ್ನು ನಿಷೇಧಿಸುವ ಕಾನೂನು ಬರಲೇ ಇಲ್ಲ. ಗಿರಾಕಿಗಳು ಕೇಳತೊಡಗಿದರು, ತಯಾರಕರು ಬದಲಾದರು. 1870ರ ದಶಕದಿಂದ ತೊಳೆಯಬಹುದಾದ, ಆರ್ಸೆನಿಕ್ ಇಲ್ಲದ ಕಾಗದಗಳು ಬಂದವು. ಮಕ್ಕಳ ಕೋಣೆಗೆಂದೇ ಕಾಗದ ಮಾಡುವ ರೂಢಿ ಬಲಿತದ್ದು ಆಗಲೇ. ಚಿತ್ರಕಾರ ವಾಲ್ಟರ್ ಕ್ರೇನ್ 1875ರಿಂದ ಶಿಶುಗೀತೆಗಳ ಪಾತ್ರಗಳನ್ನು ಗೋಡೆಗೆ ತಂದ. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ನಾಯಿಮರಿ, ಕುದುರೆ, ಕೋಳಿಗಳ ಉದ್ದನೆಯ ಪಟ್ಟಿಗಳು ಬಂದವು. ನಮ್ಮ ಬಾತುಕೋಳಿಗಳ ಮುತ್ತಜ್ಜಂದಿರು ಅವೇ.

ಸರಿ, ಕೀಳುವ ಕೆಲಸ. ಪೇಂಟರ್ ಬಂದು ನೋಡಿ, ಇದರ ಮೇಲೆಯೇ ಪುಟ್ಟಿ ಎಳೆದುಬಿಡೋಣ ಎಂದ. ಬೇಡ ಎಂದೆ. ಪುಟ್ಟಿಯ ನೀರು ಹೀರಿ ಕೆಳಗಿನ ಅಂಟು ಉಬ್ಬಿದರೆ ಮಳೆಗಾಲದ ಹೊತ್ತಿಗೆ ಗೋಡೆಯೆಲ್ಲ ಬೊಬ್ಬೆ. ನಾನು, ಮಗಳು ಇಬ್ಬರೇ ಕೂತೆವು. ಮೇಲ್ಪದರ ವಿನೈಲ್, ಅದಕ್ಕೆ ನೀರು ಹತ್ತುವುದಿಲ್ಲ. ಕಟರ್‌ನಿಂದ ಹಗುರಾಗಿ ಗೀರು ಹಾಕಿ, ಒಂದು ಮೂಲೆಯಿಂದ ಮೇಲ್ಪದರ ಮಾತ್ರ ಸುಲಿದೆವು. ಬಾತುಕೋಳಿಗಳು ಸಾಲಾಗಿ ಬಂದವು. ಹಿಂದಿನ ಬಿಳಿ ಕಾಗದ ಗೋಡೆಯಲ್ಲೇ ಉಳಿಯಿತು. ಅದಕ್ಕೆ ಬಿಸಿನೀರಿನ ಒದ್ದೆ ಬಟ್ಟೆ ಒತ್ತಿ, ಹತ್ತು ನಿಮಿಷ ಬಿಟ್ಟು, ಪ್ಲಾಸ್ಟಿಕ್ಕಿನ ಪಟ್ಟಿಯಿಂದ ಕೆರೆದರೆ ದೋಸೆಯಂತೆ ಎದ್ದು ಬಂತು. ಅವ್ವನ ಅಂಟು ಹದಿನಾಲ್ಕು ವರ್ಷಕ್ಕೂ ಹುಳ ಬಿದ್ದಿರಲಿಲ್ಲ. ಒದ್ದೆಯಾದಾಗ ಹಸಿಹಿಟ್ಟಿನ ವಾಸನೆ ಬಂತು. ಬಾತ್‌ರೂಮಿಗೆ ಅಂಟಿದ ಗೋಡೆಯ ಮೂಲೆಯಲ್ಲಿ ಮಾತ್ರ, ಕಾಗದದ ಹಿಂದೆ, ಅಂಗೈಯಗಲದ ಕಪ್ಪು ಬೂಷ್ಟು. ಮಗಳ ಮಂಚದ ತಲೆದಿಂಬು ಇರುತ್ತಿದ್ದದ್ದು ಸರಿಯಾಗಿ ಅಲ್ಲೇ. ನಾವು ಪ್ರತಿ ಚಳಿಗಾಲ ಅವಳ ಸೀನು-ಕೆಮ್ಮಿಗೆ ಪುಣೆಯ ಧೂಳನ್ನು ಬೈಯುತ್ತಿದ್ದೆವು. ಬೂಷ್ಟೇ ಕಾರಣ ಎಂದು ಹೇಳಲಾರೆ. ಆದರೆ ಆ ಮೂಲೆಯನ್ನು ನೋಡುತ್ತ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಊರಲ್ಲಿ ವರ್ಷವರ್ಷ ಹೊಡೆಯುತ್ತಿದ್ದ ಸುಣ್ಣಕ್ಕೆ ಬೂಷ್ಟು ಹತ್ತುವುದು ಕಷ್ಟ, ಅದರ ಕ್ಷಾರಗುಣ ಅಂಥದ್ದು.

ಮೂರು ಗೋಡೆ ಒರೆಸಿ ಮುಗಿಸಿದ್ದೆವು. ನಾಲ್ಕನೆಯದಕ್ಕೆ ನಾನು ಸ್ಪಂಜು ಹಚ್ಚುವಷ್ಟರಲ್ಲಿ ಮಗಳು ಕೈ ಹಿಡಿದಳು. "ಪಪ್ಪಾ, ನಿಲ್ಲು. ಈ ನೀಲಿ ಗೆರಿ ಏನು?"

ಬಟ್ಟೆಗೆ ಹಾಕುವ ನೀಲಿ. ಬಾರ್ಡರ್ ಹಚ್ಚುವ ದಿನ ನಾನು ಲ್ಯಾಪ್‌ಟಾಪಿನಲ್ಲಿ ಲೇಸರ್ ಲೆವೆಲ್ ಎಲ್ಲಿ ಬಾಡಿಗೆಗೆ ಸಿಗುತ್ತದೆಂದು ಹುಡುಕುತ್ತಿದ್ದಾಗ ಅವ್ವ ಹೊಲಿಗೆಯ ಡಬ್ಬಿಯಿಂದ ನೂಲು ತೆಗೆದು, ನೀಲಿಯಲ್ಲಿ ಹೊರಳಿಸಿ, ಒಂದು ತುದಿ ನನ್ನ ಕೈಗೆ ಕೊಟ್ಟಿದ್ದಳು. ಗೌಂಡಿಗಳು ಹಾಗೆಯೇ ಮಾಡುತ್ತಾರೆ. ನೂಲನ್ನು ಬಿಗಿಯಾಗಿ ಹಿಡಿದು, ನಡುವೆ ಎಳೆದು ಟಪ್ಪೆಂದು ಬಿಟ್ಟರೆ ಗೋಡೆಯ ಮೇಲೆ ನೇರ ಗೆರೆ. ಮೂರು ಗೋಡೆಯ ಗೆರೆಯನ್ನು ನಾನು ಅಂಟಿನ ಜೊತೆ ಒರೆಸಿ ಬಕೆಟ್ಟಿಗೆ ಹಿಂಡಿಬಿಟ್ಟಿದ್ದೆ. ಬಕೆಟ್ಟಿನ ನೀರು ಸ್ವಲ್ಪ ನೀಲಿಯಾಗಿದ್ದನ್ನು ನೋಡಿ ಮೈಲುತುತ್ತ ಇರಬೇಕು ಎಂದುಕೊಂಡಿದ್ದೆ.

"ಈ ತುದೀಗೆ ಯಾರ್ ಹಿಡದಿದ್ರು?" ಎಂದಳು ಮಗಳು. ಕಿಟಕಿಯ ಕಡೆ ನಾನು, ಬಾಗಿಲ ಕಡೆ ನಿನ್ನ ಅಜ್ಜಿ, ಎಂದೆ. ನೀನು ಆ ಮೂಲೆಯಲ್ಲಿ ಕೂತು ನೀಲಿಯ ಪುಡಿಗೆ ಕೈ ಹಾಕಿ ಬೈಸಿಕೊಂಡಿದ್ದೆ. ಆಕೆ ಗೆರೆಯ ಮೇಲೆ ಫೋನಿನ ಲೆವೆಲ್ ಆ್ಯಪ್ ಇಟ್ಟು ನೋಡಿದಳು. ಬಾಗಿಲ ಕಡೆ ಅರ್ಧ ಡಿಗ್ರಿ ಇಳಿದಿದೆಯಂತೆ. ನನ್ನ ತುದಿಯೇ ಮೇಲಿತ್ತು ಎಂದು ನಾನು ವಾದಿಸಿದೆ.

ಪೇಂಟರ್ ಸೋಮವಾರ ಬರುತ್ತಾನೆ. ನಾಲ್ಕನೆಯ ಗೋಡೆಯ ಆ ಗೇಣಗಲದ ಪಟ್ಟಿಯನ್ನು ಬಿಟ್ಟು ಬಣ್ಣ ಹಚ್ಚು ಎಂದರೆ ಅವನು ನನ್ನನ್ನು ಹೇಗೆ ನೋಡುತ್ತಾನೋ ಗೊತ್ತಿಲ್ಲ. ಮಗಳು ಮಾತ್ರ ಪುಸ್ತಕದ ಕಪಾಟನ್ನು ಅಲ್ಲಿಗೆ ಸರಿಸೋಣ, ಹಿಂದಿನ ಹಲಗೆ ಇಲ್ಲದ್ದು ತಗೊಳ್ಳೋಣ ಎಂದು ಅಳತೆ ಬರೆದಿಟ್ಟಿದ್ದಾಳೆ.